ಹಲ್ಕ್ ಹೋಗನ್ ಫೋಟೋಗೆ ಹಾರ, ಅದೂ ಹಾಸನದಲ್ಲಿ, ಅದೂ ಈ ತಿಂಗಳು

"ಯಾರ್ಲಾ ಹೋಗಿದ್ದು?"

"ಹಲ್ಕ್ ಹೋಗನ್, ತಾತ."

"ಹಾರ್ಟಾ?"

"ಹೂಂ, ಹಾರ್ಟೇ."

"ವಯಸ್ಸೆಷ್ಟು?"

"71."

"ಓ, ಹಂಗಾದ್ರೆ ಪರ್ವಾಗಿಲ್ಲ ಬಿಡು."

2025ರ ಜುಲೈ 25, ಶುಕ್ರವಾರ ಬೆಳಗ್ಗೆ ನನ್ನ ಫ್ರೆಂಡ್ ಸೈಕಲ್ ಶಾಪ್ ಮುಂದೆ ಒಬ್ಬ ತಾತನಿಗೂ ಅವನಿಗೂ ನಡೆದ ಮಾತಿದು. ಹಲ್ಕ್ ಹೋಗನ್ ಅಂದ್ರೆ ಟೀವೀಲಿ ಬರ್ತಿದ್ದ ಅಮೆರಿಕದ ಕುಸ್ತಿಯವನು. ಸಂತೇಪೇಟೆ ಕಡೆ ಓಡಾಡೋರಿಗೆ ಆ ಶಾಪ್ ಗೊತ್ತಿರತ್ತೆ, ಹೆಸರು ಬೇಡ ಬಿಡಿ. ಪಕ್ಕದ ಜೆರಾಕ್ಸ್ ಅಂಗಡೀಲಿ ಒಂದು ಕಲರ್ ಪ್ರಿಂಟ್ ತೆಗೆಸಿ, ಅದೇ ಹಳದಿ ಬನಿಯನ್ನು, ತಲೆಗೆ ಬಟ್ಟೆ, ಕೆಳಗಿಳಿದ ಬಿಳಿ ಮೀಸೆ, ಎತ್ತಿ ಹಿಡಿದ ತೋಳು, ಅದನ್ನ ಟ್ಯೂಬ್ ನೇತಾಕೋ ಮೊಳೆಗೆ ಸಿಗಿಸಿ, ಶ್ರಾವಣದ ಮೊದಲ ಶುಕ್ರವಾರ ಹೂವಿನ ರೇಟ್ ಕೇಳೋ ಹಂಗೇ ಇಲ್ಲ, ಆದ್ರೂ ಒಂದು ಮೊಳ ಸೇವಂತಿಗೆ ತಂದು ಹಾಕಿ, ಎರಡು ಊದಿನಕಡ್ಡಿ ಹಚ್ಚಿಟ್ಟಿದ್ದ. ನಾನು ನಗೋಣ ಅಂತಲೇ ಹೋಗಿದ್ದು. ಅವ್ನ ಕಣ್ಣು ನೋಡಿ ಸುಮ್ಮನಾದೆ, ರಾತ್ರಿಯೆಲ್ಲಾ ಹಳೇ ವಿಡಿಯೋ ನೋಡ್ಕೊಂಡು ಕೂತಿದ್ನಂತೆ.

ಈ ತಿಂಗಳು ಹಾಸನದಲ್ಲಿ ಯಾವ ಅಂಗಡಿ ಮುಂದೆ ಹಾರ ಹಾಕಿದ ಫೋಟೋ ಕಂಡ್ರೂ ಗಾಡಿಗಳು ಸ್ಲೋ ಆಗ್ತಾವೆ. ಯಾಕೆ ಅಂತ ಹೇಳ್ಬೇಕಾಗಿಲ್ಲ. ಹಾರ್ಟ್ ಅಟ್ಯಾಕಿಗೆ 40 ದಿನದಲ್ಲಿ 20ಕ್ಕೂ ಹೆಚ್ಚು ಜನ ಹೋದ್ರು ಅಂತ ಶುರುವಾಗಿದ್ದು, ಆಮೇಲೆ ಟೀವಿಯವರು ಬೆಳಗ್ಗೆ ಒಂದು ಸಂಜೆ ಒಂದು ಅಂತ ಸೇರಿಸ್ಕೊಂಡು ಹೋದ್ರು, ಕ್ರಿಕೆಟ್ ಸ್ಕೋರ್ ಥರ ಸ್ಕ್ರೀನ್ ಮೂಲೇಲಿ ನಂಬರ್ ಹಾಕ್ಕೊಂಡು. ನಮ್ಮೂರಿನವ್ರೆಲ್ಲ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಬೆಳಗಿನ ಜಾವಕ್ಕೇ ಹೋಗಿ ಕ್ಯೂ ನಿಂತ್ರು, ಎದೆ ನೋವಿದ್ದೋರು, ಗ್ಯಾಸ್ ಇದ್ದೋರು, ಏನೂ ಇಲ್ಲದೋರು ಎಲ್ರೂ. ಕೊನೆಗೆ ಜಯದೇವದ ಆಗಿನ ಡೈರೆಕ್ಟರ್ ಡಾ. ರವೀಂದ್ರನಾಥ್ ಅವರ ಕಮಿಟಿ 24 ಸಾವುಗಳನ್ನ ಒಂದೊಂದಾಗಿ ನೋಡಿ, ಅಸಹಜ ಅನ್ನೋ ಥರದ ಏರಿಕೆ ಏನಿಲ್ಲ ಅಂತ ರಿಪೋರ್ಟ್ ಕೊಟ್ಟಿತು. ರಿಪೋರ್ಟ್ ಬಂದ್ರೂ ಜನಕ್ಕೆ ಒಂದು ಅಭ್ಯಾಸ ಹತ್ತಿಬಿಟ್ಟಿದೆ ನೋಡಿ, ಯಾರೇ ಹೋಗ್ಲಿ ಎರಡೇ ಪ್ರಶ್ನೆ: ಹಾರ್ಟಾ? ವಯಸ್ಸೆಷ್ಟು? ವಯಸ್ಸು ಮೂವತ್ತು ಅಂದ್ರೆ ಅಯ್ಯೋ, ನಲವತ್ತೈದು ಅಂದ್ರೆ ಛೆ, ಎಪ್ಪತ್ತು ದಾಟಿತ್ತು ಅಂದ್ರೆ ಒಂಥರಾ ಸಮಾಧಾನ.

ಅದಕ್ಕೇ ಆ ತಾತ "ಪರ್ವಾಗಿಲ್ಲ ಬಿಡು" ಅಂದಿದ್ದು. ಅವರಿಗೇ ಎಂಬತ್ತರ ಹತ್ತಿರ ಇರಬೇಕು. ದಿನಾ ಸೈಕಲ್ ತುಳ್ಕೊಂಡು ಬರ್ತಾರೆ, ಬಿಪಿ ಶುಗರ್ ಏನೂ ಇಲ್ಲ ಅಂತ ಕೇಳದೇ ಇದ್ರೂ ಹೇಳ್ತಾರೆ. ವಯಸ್ಸಲ್ಲಿ ಗರಡಿ ಮಾಡಿದೋರು, ಮಟ್ಟಿ ಮಣ್ಣು ಮೈಗೆ ಹಚ್ಕೊಂಡೋರು, ಸ್ವಲ್ಪ ಗತ್ತು ಜಾಸ್ತೀನೇ. ನನಗಂತೂ ಅವರನ್ನ ಕಂಡ್ರೆ ಅಷ್ಟಕ್ಕಷ್ಟೇ, ಯಾವ ಹುಡುಗನ ಮೈ ನೋಡಿದ್ರೂ "ಇದು ಪೌಡರ್ ಮೈ" ಅಂತಾರೆ. ಅವತ್ತು ಪಂಪ್ ಕೆಳಗಿಟ್ಟು ಫೋಟೋ ಹತ್ತಿರ ಹೋಗಿ ಕನ್ನಡಕ ಸರಿಮಾಡ್ಕೊಂಡು ನೋಡಿದ್ರು.

"ಇವ್ನು ಟೀವೀಲಿ ಸುಳ್ ಕುಸ್ತಿ ಆಡೋನಲ್ವೇನ್ಲಾ?"

"ಹೂಂ ತಾತ."

"ಸತ್ತಿರೋದಾದ್ರೂ ನಿಜವೇನ್ಲಾ?"

ನನಗೆ ನಗು ತಡೆಯಕ್ಕಾಗಲಿಲ್ಲ. ಫ್ರೆಂಡ್ ನಗಲಿಲ್ಲ. "ನಿಜ ತಾತ" ಅಂದ, ಅಷ್ಟೇ, ಪಂಕ್ಚರ್ ಟ್ಯೂಬನ್ನ ನೀರಿಗೆ ಅದ್ದಿ ಗುಳ್ಳೆ ಎಲ್ಲಿ ಬರತ್ತೆ ಅಂತ ನೋಡ್ತಾ ಕೂತ. ಈ ಮಾತು ನಾಕು ದಿನದಿಂದ ತಲೇಲಿ ತಿರುಗ್ತಾನೇ ಇದೆ. ಸತ್ತಿರೋದಾದ್ರೂ ನಿಜವೇನ್ಲಾ. ತಾತ ಕುಹಕಕ್ಕೆ ಕೇಳಿದ್ರೋ ನಿಜವಾಗ್ಲೂ ಅನುಮಾನ ಇತ್ತೋ ಗೊತ್ತಿಲ್ಲ, ಆದ್ರೆ ಕೇಳಬೇಕಾದ ಪ್ರಶ್ನೇನೇ ಅದು. ಯಾಕಂದ್ರೆ ನಮಗೆ ಈ ಕುಸ್ತಿಯವರು ಸಾಯೋದು ಬದುಕೋದು ಎರಡೂ ಅಭ್ಯಾಸ. ಅಂಡರ್‌ಟೇಕರ್‌ಗೆ ಏಳು ಜೀವ, ಶವಪೆಟ್ಟಿಗೆಯಿಂದ ಎದ್ದು ಬರ್ತಾನೆ ಅಂತ ನಂಬಿ ಸ್ಕೂಲಲ್ಲಿ ಆಣೆ ಇಟ್ಕೊಂಡು ಜಗಳ ಆಡಿದೋರು ನಾವು. ಅದೇ 1999ರ ಮೇ ತಿಂಗಳಲ್ಲಿ ಕಾನ್ಸಾಸ್ ಸಿಟಿಯಲ್ಲಿ ಓವನ್ ಹಾರ್ಟ್ ಅನ್ನೋ ಕುಸ್ತಿಯವನು ಚಾವಣಿಯಿಂದ ಹಗ್ಗದಲ್ಲಿ ಇಳಿಯೋವಾಗ ಕೊಂಡಿ ಬಿಟ್ಕೊಂಡು ರಿಂಗ್ ಒಳಕ್ಕೆ ಬಿದ್ದು ಸತ್ತಾಗ, ಅಲ್ಲಿ ಕೂತಿದ್ದ ಜನರಲ್ಲಿ ಎಷ್ಟೋ ಜನ ಇದೂ ಆಟಾನೇ ಅಂದ್ಕೊಂಡ್ರು. ಕಾಮೆಂಟರಿ ಹೇಳ್ತಿದ್ದ ಜಿಮ್ ರಾಸ್ ಇದು ಶೋ ಅಲ್ಲ ಅಂತ ಬಾಯಿಬಿಟ್ಟು ಹೇಳ್ಬೇಕಾಯ್ತು. ಆಮೇಲೆ ಆ ರಾತ್ರಿ ಮಿಕ್ಕಿದ ಪಂದ್ಯಗಳನ್ನೂ ಮುಂದುವರಿಸಿದ್ರು, ಅದು ಇವತ್ತಿಗೂ ನನಗೆ ಅರ್ಥ ಆಗದ ವಿಷಯ, ಕ್ಷಮಿಸೋ ಅಂಥದ್ದೂ ಅಲ್ಲ.

ಹೋಗನ್ ವಿಷಯಕ್ಕೇ ಬಂದ್ರೆ ಕಳೆದ ತಿಂಗಳೇ ಒಂದ್ಸಲ ಅವನು ಸಾಯೋ ಸ್ಥಿತೀಲಿದ್ದಾನೆ ಅಂತ ಸುದ್ದಿ ಹಬ್ಬಿತ್ತು, ಅವ್ನ ಕಡೆಯವರು ಇಲ್ಲಪ್ಪ ಕುತ್ತಿಗೆ ಆಪರೇಷನ್ ಆಗಿ ಸುಧಾರಿಸ್ಕೊಳ್ತಿದಾನೆ ಅಂದಿದ್ರು. ಹಂಗಾಗಿ ಗುರುವಾರ ರಾತ್ರಿ ಒಂಬತ್ತರ ಸುಮಾರಿಗೆ ನಮ್ಮ ಸ್ಕೂಲ್ ಗ್ರೂಪಲ್ಲಿ "ಹೋಗನ್ ಹೋದ" ಅಂತ ಮೆಸೇಜ್ ಬಂದಾಗ ಮೊದಲು ಯಾರೂ ನಂಬಲಿಲ್ಲ, ಫೇಕ್ ಕಣ್ರೋ ಅಂತ ಒಬ್ಬ ಬೈದ. ಫ್ಲಾರಿಡಾದ ಕ್ಲಿಯರ್‌ವಾಟರ್ ಅನ್ನೋ ಊರಲ್ಲಿ ಮನೆಯಲ್ಲೇ ಕಾರ್ಡಿಯಾಕ್ ಅರೆಸ್ಟ್, ಅಲ್ಲಿಯ ಬೆಳಗ್ಗೆ ಹತ್ತು ಗಂಟೆ ಒಳಗೆ ಆಂಬುಲೆನ್ಸಿಗೆ ಫೋನ್ ಹೋಗಿದೆ. ನಮಗಿಲ್ಲಿ ಅವತ್ತು ಭೀಮನ ಅಮಾವಾಸ್ಯೆ! ಬೆಳಗ್ಗೆ ನಮ್ಮನೇಲಿ ಪಾದಪೂಜೆ ಆಗಿ, ನನ್ನ ಆಯಸ್ಸು ಗಟ್ಟಿ ಮಾಡಿಸ್ಕೊಂಡು, ಹೊಸ್ಲು ಹತ್ರ ಬಾಮೈದನ ಕೈಲಿ ಮೊಣಕೈಯಲ್ಲಿ ಭಂಡಾರ ಒಡೆಸಿ, ಕಡುಬು ತಿಂದು ಮಲಗೋ ಹೊತ್ತಿಗೆ ಈ ಸುದ್ದಿ. ಹೆಂಡತಿ ಕೇಳಿ, "ಪಾಪ, ಅವ್ರ ಮನೇಲಿ ಇದೆಲ್ಲ ಮಾಡಲ್ವಲ್ಲ" ಅಂದ್ಳು. ಅವ್ನಿಗೆ ಮೂರು ಮದುವೆ ಆಗಿತ್ತು ಅಂದೆ. "ಹಂಗಾದ್ರೆ ಯಾರು ಮಾಡಬೇಕಿತ್ತು ಅಂತ ಕನ್‌ಫ್ಯೂಸ್ ಆಗಿರತ್ತೆ" ಅಂದು ತಿರುಗಿ ಮಲಗಿದ್ಳು.

ಈಗಿನ ಹುಡುಗ್ರಿಗೆ ಗೊತ್ತಿಲ್ಲದೇ ಇರಬಹುದು ಅಂತ ಹೇಳ್ತೀನಿ, ಹೋಗನ್‌ದು ಒಂದು ಗಳಿಗೆ ಇತ್ತು. ಎದುರಾಳಿ ಹೊಡೆದೂ ಹೊಡೆದೂ ಕೆಡವಿರ್ತಾನೆ, ಇನ್ನೇನು ಮುಗೀತು ಅನ್ನೋವಾಗ ಇವ್ನಿಗೆ ಮೈ ನಡುಗಕ್ಕೆ ಶುರುವಾಗತ್ತೆ, ದೇವರು ಬಂದ ಹಾಗೆ. ಅಲ್ಲಿಂದಾಚೆ ಎಷ್ಟು ಗುದ್ದಿದ್ರೂ ತಾಗಲ್ಲ. ಎದ್ದು ನಿಂತು ಬೆರಳು ಆಡಿಸ್ತಾನೆ, ಮೂರು ಗುದ್ದು, ಒಂದು ಒದೆ, ಆಮೇಲೆ ಹಗ್ಗಕ್ಕೆ ಓಡಿ ಬಂದು ಎಗರಿ ಕತ್ತಿನ ಮೇಲೆ ಕಾಲು. ಎಲ್ಲಾ ಪಂದ್ಯದಲ್ಲೂ ಅದೇ. ಮುಂದೇನಾಗತ್ತೆ ಅಂತ ಗೊತ್ತಿದ್ದೂ ಪ್ರತಿ ಸಲ ನಮ್ಮ ಎದೆ ಡವಡವ. ಕೇಬಲ್ ಇದ್ದಿದ್ದು ನಮ್ಮ ಬೀದೀಲಿ ಒಂದೇ ಮನೇಲಿ, ಅವರ ಮನೆ ಕಿಟಕಿ ಹೊರಗೆ ನಿಂತು ನೋಡಿದ್ದು ನಾನೂ ಈ ಸೈಕಲ್ ಶಾಪಿನವನೂ. ಅವನ ಹತ್ರ ಡಬ್ಲ್ಯುಡಬ್ಲ್ಯುಎಫ್ (ಆ ಕುಸ್ತಿ ಕಂಪನಿಯ ಆಗಿನ ಹೆಸರು) ಕಾರ್ಡಿನ ಫುಲ್ ಸೆಟ್ ಇತ್ತು, ಎತ್ತರ ಅಂದ್ರೆ ಜೈಂಟ್ ಗೊನ್ಸಾಲೆಸ್, ತೂಕ ಅಂದ್ರೆ ಯೋಕೊಜುನಾ, ಹೋಗನ್ ಕಾರ್ಡನ್ನ ಮಾತ್ರ ಆಟಕ್ಕೆ ಇಳಿಸ್ತಾನೇ ಇರ್ಲಿಲ್ಲ, ಸೋತ್ರೆ ಕೊಡ್ಬೇಕಾಗತ್ತಲ್ಲ ಅಂತ.

ಆ ಕತ್ತಿನ ಮೇಲೆ ಕಾಲು ಹಾಕೋದಿದೆಯಲ್ಲ, ಅದರಲ್ಲಿ ಕೆಳಗೆ ಮಲಗಿದೋನಿಗೆ ಏನೂ ಆಗಲ್ಲ, ಮೇಲಿಂದ ಬೀಳೋನ ಸೊಂಟ ಹೋಗತ್ತೆ. ವರ್ಷಗಟ್ಟಲೆ ದಿನಾ ರಾತ್ರಿ ಸೊಂಟದ ಮೇಲೆ ಬಿದ್ದು ಬಿದ್ದು ಬೆನ್ನು, ಸೊಂಟ, ಮಂಡಿ ಎಲ್ಲದಕ್ಕೂ ಸರ್ಜರಿ ಮೇಲೆ ಸರ್ಜರಿ, ಅವನೇ ಹೇಳ್ಕೊಂಡಿದಾನೆ. ತಾತನಿಗೆ ಇದನ್ನ ಹೇಳ್ಬೇಕಿತ್ತು. ಸುಳ್ ಕುಸ್ತಿ ಸರಿ, ಸೊಂಟ ಯಾರ್ದು?

ಹಂಗಂತ ಅವ್ನೇನು ಸತ್ಯಹರಿಶ್ಚಂದ್ರನ ಮೊಮ್ಮಗ ಅಲ್ಲ. 1987ರಲ್ಲಿ ಪಾಂಟಿಯಾಕ್ ಸ್ಟೇಡಿಯಮ್ಮಲ್ಲಿ ಆಂಡ್ರೆ ಅನ್ನೋ ಬೆಟ್ಟದಂಥವನನ್ನ ಎತ್ತಿ ಒಗೆದ, ಅವತ್ತು ಸೇರಿದ್ದು 93,173 ಜನ ಅಂತ ಕುಸ್ತಿ ಕಂಪನಿಯವರು ಇವತ್ತಿಗೂ ಹೇಳ್ತಾರೆ, ಅಷ್ಟು ಇರಲೇ ಇಲ್ಲ ಅಂತ ಲೆಕ್ಕ ಹಾಕಿದೋರು ಹೇಳ್ತಾರೆ. ಮಕ್ಕಳಿಗೆಲ್ಲ ಪ್ರಾರ್ಥನೆ ಮಾಡಿ, ವಿಟಮಿನ್ ತಗೊಳ್ಳಿ ಅಂತ ಉಪದೇಶ ಮಾಡ್ತಿದ್ದೋನು 1994ರಲ್ಲಿ ಕೋರ್ಟಲ್ಲಿ ಸ್ಟೆರಾಯ್ಡ್ ತಗೋತಿದ್ದೆ ಅಂತ ಒಪ್ಕೊಂಡ. ಅದು ಹೋಗ್ಲಿ. 2015ರಲ್ಲಿ ಅವನು ಕಪ್ಪು ಜನರ ಬಗ್ಗೆ ಬಾಯಿಗೆ ಬಂದ ಹಾಗೆ ಮಾತಾಡಿದ್ದ ಹಳೇ ಟೇಪ್ ಹೊರಗೆ ಬಂತು, ಕಂಪನಿ ಅವನ ಹೆಸರನ್ನೇ ಅಳಿಸಿ ಹಾಕ್ತು, 2018ರಲ್ಲಿ ವಾಪಸ್ ಕರ್ಕೊಂಡ್ತು. 2025ರ ಜನವರೀಲಿ ರಾ ಅನ್ನೋ ಅವರ ಕುಸ್ತಿ ಶೋ ನೆಟ್‌ಫ್ಲಿಕ್ಸಿಗೆ ಬಂದ ಮೊದಲ ದಿನ ಲಾಸ್ ಏಂಜಲಿಸ್ ಹತ್ರ ಬಾವುಟ ಹಿಡ್ಕೊಂಡು ಬಂದ್ರೆ ಇಡೀ ಸ್ಟೇಡಿಯಂ ಬೂ ಅಂತು. ಕಿವಿ ಹತ್ರ ಕೈ ಇಟ್ಟು ಜನರ ಕೂಗು ಕೇಳಿಸ್ಕೊಳ್ಳೋದು ಅವ್ನ ಸ್ಟೈಲು, ಅವತ್ತು ಕೇಳಿಸ್ಕೊಂಡಿದ್ದು ಅದನ್ನ.

ನಮ್ಮಕ್ಕನ ಮಗ ಇಂಜಿನಿಯರಿಂಗ್ ಓದ್ತಾನೆ, ಶನಿವಾರ ಬೆಳಗ್ಗೆ ಸ್ಮ್ಯಾಕ್‌ಡೌನ್ ಅನ್ನೋ ಕುಸ್ತಿ ಶೋ ನೋಡಕ್ಕೆ ನಮ್ಮನೆಗೇ ಬಂದಿದ್ದ. ಹೋಗನ್‌ಗೋಸ್ಕರ ಹತ್ತು ಸಲ ಗಂಟೆ ಬಾರಿಸಿದ್ರು, ಸತ್ತವರಿಗೆ ಅಲ್ಲಿ ಹಂಗೇ ಮರ್ಯಾದೆ. ಒಂದೊಂದು ಏಟಿಗೂ ಮಧ್ಯ ಎಷ್ಟು ಹೊತ್ತು ಬಿಡ್ತಾರೆ ಅಂದ್ರೆ, ಇಷ್ಟು ಗಲಾಟೆ ಮಾಡೋ ಜನ ಇಷ್ಟು ಸುಮ್ಮನಿರ್ತಾರಾ ಅನ್ಸತ್ತೆ. ಮುಗಿದ ಕೂಡ್ಲೇ ಇವ್ನು ಬಾಯಿ ಬಿಟ್ಟ.

"ಮಾಮ, ಅವ್ನು ರೇಸಿಸ್ಟ್ ಅಲ್ವಾ, ನಿಮ್ಮ ಫ್ರೆಂಡ್ ಹಾರ ಬೇರೆ ಹಾಕಿದಾರಂತೆ."

"ಹೌದಪ್ಪ."

"ಮತ್ತೆ ನೀವು ಅಳ್ತಿದೀರ."

"ಇಲ್ಲ ಕಣೋ, ನಿದ್ದೆ ಇಲ್ಲ."

ಹುಡುಗ ಹೇಳಿದ್ರಲ್ಲಿ ಒಂದಕ್ಷರ ತಪ್ಪಿಲ್ಲ, ಹಂಗಂತ ನನಗೆ ಅವ್ನ ಮೇಲೆ ಸಿಟ್ಟು ಬಂದಿದ್ದೂ ಸುಳ್ಳಲ್ಲ. ಸತ್ತವರ ಬಗ್ಗೆ ಕೆಟ್ಟದು ಮಾತಾಡಬಾರ್ದು ಅನ್ನೋ ಮಾತನ್ನ ನಾನು ಒಪ್ಪಲ್ಲ, ಅವ್ನ ಬಾಯಿಂದ ಬಂದಿದ್ದನ್ನ ಕೇಳಿ ಮನಸ್ಸು ಮುರಿದುಕೊಂಡ ಕಪ್ಪು ಹುಡುಗ್ರು ಎಷ್ಟೋ ಜನ ಇದ್ದಾರೆ, ಅವ್ರೂ ನನ್ನ ಹಾಗೆ ಎಲ್ಲೋ ಒಂದು ಕಿಟಕಿ ಹೊರಗೆ ನಿಂತು ನೋಡಿದೋರೇ. ಅವ್ರು ಇವತ್ತು ಒಂದು ಹನಿ ಕಣ್ಣೀರು ಹಾಕ್ಲಿಲ್ಲ ಅಂದ್ರೆ ಅದು ಅವರ ಹಕ್ಕು. ಟೆರ್ರಿ ಬೊಲಿಯಾ ಅನ್ನೋ ಮನುಷ್ಯನಿಗೆ ನಾನೂ ಅಳಲಿಲ್ಲ, ಹೋಗನ್‌ನ ನಿಜವಾದ ಆ ಹೆಸರು ನನಗೆ ಗೊತ್ತಾಗಿದ್ದೇ ಎಷ್ಟೋ ವರ್ಷ ಆದ್ಮೇಲೆ. ಮೈ ನಡುಗಿಸ್ಕೊಂಡು ಎದ್ದು ನಿಲ್ತಿದ್ನಲ್ಲ, ಎಷ್ಟು ಹೊಡೆದ್ರೂ ತಾಗಲ್ಲ ಅಂತ ಬೆರಳು ಆಡಿಸ್ತಿದ್ನಲ್ಲ, ಅವ್ನಿಗೆ ಅತ್ತಿದ್ದು. ಅವ್ನು ಇರಲೇ ಇಲ್ಲ ಅಂತ ಹೇಳಿ, ಒಪ್ತೀನಿ. ಇಲ್ಲದೋನಿಗೆ ಅಳೋಕೆ ನಮಗೇನು ಯಾರೂ ಹೇಳ್ಕೊಡಬೇಕಾಗಿಲ್ಲ, ಅಭಿಮನ್ಯು ಸಾಯೋ ಪ್ರಸಂಗ ನೋಡಿ ಬೆಳಗಿನ ಜಾವ ಕಣ್ಣೊರೆಸ್ಕೊಂಡು ಮನೆಗೆ ಬಂದೋರ ಮಕ್ಕಳು ನಾವು.

ಆದ್ರೆ ನಿಜವಾಗ್ಲೂ ಕಾಡ್ತಿರೋದು ತಾತನ ಇನ್ನೊಂದು ಮಾತು. ಪರ್ವಾಗಿಲ್ಲ ಬಿಡು ಅನ್ನೋದು. ಈ ಒಂದೂವರೆ ತಿಂಗಳಲ್ಲಿ ನಮ್ಮೂರು ಸಾವಿಗೆ ಒಂದು ಕಟ್‌ಆಫ್ ಮಾಡಿಟ್ಕೊಂಡಿದೆ. ನಮ್ಮಪ್ಪನಿಗೆ ಈಗ ಎಪ್ಪತ್ತರ ಮೇಲೆ, ಆ ಸುದ್ದಿಗಳನ್ನೆಲ್ಲಾ ಟೀವಿ ಮುಂದೇನೇ ಕೂತು ನೋಡಿದ್ರು, ಹರೆಯದ ಹುಡುಗರು ಹೋಗ್ತಿದಾರೆ ನಮ್ಮಂಥೋರನ್ನ ಇಟ್ಟಿದಾನೆ ನೋಡು ದೇವ್ರು ಅಂತ ನಾಚಿಕೆ ಪಟ್ಕೊಳ್ಳೋ ಥರ ಹೇಳ್ತಿದ್ರು. ನಾವು ಯಾರೂ ಅವರನ್ನ ಇಸಿಜಿಗೆ ಕರ್ಕೊಂಡು ಹೋಗೋ ಮಾತೇ ಎತ್ತಿರ್ಲಿಲ್ಲ, ಮನೇಲಿ ಎಲ್ರೂ ತಮ್ಮನನ್ನ ಮಾಡಿಸು ಮಾಡಿಸು ಅಂತ ಹಿಂಸೆ ಮಾಡ್ತಿದ್ವಿ, ಅವ್ನು ಕ್ಯಾಬ್ ಓಡಿಸ್ತಾನೆ, ಹೋದವರಲ್ಲಿ ಡ್ರೈವರ್‌ಗಳೂ ಇದ್ರು ಅಂತ ಭಯ. ಅಪ್ಪನ ಇಸಿಜಿ ಬಗ್ಗೆ ಶುಕ್ರವಾರ ಸಂಜೆ ಮೊದಲ ಸಲ ಮಾತು ತೆಗೆದೆ. "ನನಗ್ಯಾಕೋ" ಅಂದ್ರು. ಹಲ್ಕ್ ಹೋಗನ್ ಸತ್ತ ಅದಕ್ಕೆ ಅಂತ ಹೇಳಕ್ಕಾಗತ್ತಾ? ಮಂಗಳವಾರ ಕರ್ಕೊಂಡು ಹೋಗ್ತಿದೀನಿ, ಅಮ್ಮನ್ನೂ.

ಫೋಟೋ ಇನ್ನೂ ಅಲ್ಲೇ ಇದೆ. ದಿನಾ ಯಾರಾದ್ರೂ ನಿಲ್ತಾರಂತೆ, ಒಬ್ಬರು ಇವನ ಸೋದರಮಾವ ಅಂತ ತಿಳ್ಕೊಂಡು ಮನೆಗೆ ಮಾತಾಡಿಸಕ್ಕೆ ಬರ್ತೀನಿ ಅಂದ್ರಂತೆ, ಇನ್ನೊಬ್ಬ ಅವನದೇ ವಯಸ್ಸಿನ ಆಟೋ ಡ್ರೈವರ್ ಇಳಿದು ಬಂದು ಬನಿಯನ್ ಹರಿಯೋ ಆಕ್ಷನ್ ಮಾಡಿ ಸೆಲ್ಯೂಟ್ ಹೊಡೆದು ಮಾತೇ ಆಡದೆ ಹೋದ್ನಂತೆ. ಅದನ್ನ ಹೇಳೋವಾಗ ಫ್ರೆಂಡ್ ಮುಖ ನೋಡ್ಬೇಕಿತ್ತು. ಈಗ ಹನ್ನೊಂದನೇ ದಿನ ಭಾನುವಾರವೇ ಬೀಳತ್ತೆ, ಬೀದಿ ಹುಡುಗ್ರಿಗೆ ಏನಾದ್ರೂ ಹಂಚಬೇಕು ಅಂತ ಹಠ ಹಿಡಿದಿದಾನೆ. ವಡೆ ಪಾಯಸ ಮಾಡಿಸಿದ್ರೆ ಹೆಂಡತಿ ಮನೆ ಬಿಟ್ಟು ಹೋಗ್ತೀನಿ ಅಂದಿದಾಳೆ, ಅದಕ್ಕೆ ಮಂಡಕ್ಕಿ ಖಾರಕ್ಕೆ ಒಪ್ಪಂದ ಆಗಿದೆ. ನನ್ನ ಕಡೆಯಿಂದ ಇನ್ನೂರು ಇಸ್ಕೊಂಡ. ಅಕ್ಕನ ಮಗ ನಾನೊಂದ್ರೂಪಾಯಿ ಕೊಡಲ್ಲ ಅಂದ, ಮಂಡಕ್ಕಿ ತಿನ್ನಕ್ಕೆ ಮಾತ್ರ ಬರ್ತಾನಂತೆ.