ಆಟಿಯ ಮಳೆ, ಮೂರು ಕೊಟೇಶನ್

19 ಜುಲೈ 2025, ಶನಿವಾರ ರಾತ್ರಿ, ಉಡುಪಿ

ಮಂಗಳೂರಿನ ಸ್ಟೇಟ್ ಬ್ಯಾಂಕ್ ಸ್ಟಾಪಿನಲ್ಲಿ ಬಸ್ ಹತ್ತಿದಾಗಿನಿಂದ ಮಡಿಲಲ್ಲಿ ಅದೇ ಫೈಲು. ಮೂರು ಸಿಆರ್‌ಒಗಳ, ಅಂದರೆ ಮದ್ದು ಮಾಡುವವರ ಪರವಾಗಿ ಟ್ರಯಲ್ ನಡೆಸಿಕೊಡುವ ಸಂಸ್ಥೆಗಳ ಕೊಟೇಶನ್. ನಮ್ಮ ಮುಲಾಮನ್ನು ರೋಗಿಗಳ ಮೇಲೆ ಪರೀಕ್ಷಿಸುವ ಟ್ರಯಲ್ ಯಾರಿಗೆ ಕೊಡೋದು ಅಂತ ಸೋಮವಾರ ಹೇಳಬೇಕು. ಸರ್‌ಗೆ ಕಡಿಮೆ ರೇಟಿನವರೇ ಆಗಬಹುದು. ಬೆಳಿಗ್ಗೆವರೆಗೆ ನನಗೂ ಹಾಗೇ ಅನಿಸಿತ್ತು.

ಮುಲ್ಕಿಯಲ್ಲಿ ಅಕ್ಕ ಹತ್ತಿದಳು. ಫೈಲ್ ಇಸ್ಕೊಂಡು ನೋಡಿದಳು. ರೇಟಿನ ಪುಟ ತೆರೆಯಲೇ ಇಲ್ಲ.

"ಮಾನಿಟರ್ ಯಾರು ಬರೋದು ಮಾರಾಯ್ತಿ? ಹೆಸರೇ ಇಲ್ವಲ್ಲ?"

ಮಾನಿಟರ್ ಅಂದರೆ ಟ್ರಯಲ್ ಸರಿಯಾಗಿ ನಡೀತಾ ಉಂಟಾ ಅಂತ ಆಸ್ಪತ್ರೆಗೆ ಬಂದು ನೋಡುವವರು. ಅವಳು ಆಸ್ಪತ್ರೆಯಲ್ಲಿ ಕೋಆರ್ಡಿನೇಟರ್ ಆಗಿದ್ದ ಹಿಂದಿನ ಟ್ರಯಲ್‌ನಲ್ಲಿ ಒಂದೂವರೆ ವರ್ಷಕ್ಕೆ ನಾಲ್ಕು ಮಾನಿಟರ್ ಬದಲಾದರಂತೆ. ಬಂದವರಿಗೆಲ್ಲ ಮೊದಲಿನಿಂದ ಹೇಳಬೇಕು. ಒಂದು ರಾತ್ರಿ ಟ್ರಯಲ್‌ನಲ್ಲಿದ್ದ ಅಜ್ಜಿಯೊಬ್ಬರು ಐಸಿಯು ಸೇರಿದರು. ಸಿಆರ್‌ಒ ಕೊಟ್ಟ ನಂಬರಿಗೆ ಎಷ್ಟು ಸಲ ಮಾಡಿದರೂ ಯಾರೂ ಎತ್ತಲಿಲ್ಲ. ಗಂಭೀರ ತೊಂದರೆ ಆದರೆ 24 ಗಂಟೆಯೊಳಗೆ ಟ್ರಯಲ್ ಮಾಡಿಸುವ ಸ್ಪಾನ್ಸರ್‌ಗೆ, ರೋಗಿಗಳ ಹಿತ ನೋಡುವ ಎಥಿಕ್ಸ್ ಕಮಿಟಿಗೆ, ಸರ್ಕಾರದ ಡ್ರಗ್ಸ್ ಕಂಟ್ರೋಲರ್‌ಗೆ ವರದಿ ಹೋಗಬೇಕು. ಡಾಕ್ಟರೂ ಅವಳೂ ಬೆಳಗಿನ ತನಕ ಕೂತು ಬರೆದರಂತೆ. "ಅಜ್ಜಿ ಬದುಕಿದ್ರು" ಅಂದಳು. ಆಮೇಲೆ ಪಡುಬಿದ್ರಿವರೆಗೆ ಕಿಟಕಿಯ ಹೊರಗೆ ನೋಡುತ್ತಾ ಕೂತಳು.

"ರಿಜಿಸ್ಟ್ರೇಷನ್ ಉಂಟಾ ಇವರಿಗೆ?"

ಈ ಏಪ್ರಿಲ್ 1ರಿಂದ ಸಿಆರ್‌ಒಗಳಿಗೂ ಅದು ಕಡ್ಡಾಯ. ಇಬ್ಬರು ಪ್ರತಿ ಲಗತ್ತಿಸಿದ್ದಾರೆ. ಕಡಿಮೆ ರೇಟಿನವರು "ಅರ್ಜಿ ಹಾಕಿದ್ದೇವೆ" ಎಂದು ಒಂದು ಸಾಲು ಬರೆದಿದ್ದಾರೆ. ನಾನು ಅದನ್ನು ಓದಿಯೂ ಮುಂದೆ ಹೋಗಿದ್ದೆ.

ಇನ್ನೊಂದು. ರೋಗಿ ಒಪ್ಪಿ ಸಹಿ ಹಾಕುವ ಕನ್ಸೆಂಟ್ ಫಾರ್ಮಿನ ಕನ್ನಡ ಅನುವಾದಕ್ಕೆ ಮೂವರೂ ದುಡ್ಡು ಹಾಕಿದ್ದಾರೆ. ಸರಿ. ಆದರೆ ಸಕ್ಕರೆ ಕಾಯಿಲೆಯಿಂದ ಕಾಲಿನ ಗಾಯ ಒಣಗದೆ ಮಲ್ಪೆಯಿಂದ ಬರುವ ಮೀನು ಮಾರುವ ಹೆಂಗಸಿಗೆ? ಯಾರಿಗೆ ಮದ್ದಿನ ಮುಲಾಮು, ಯಾರಿಗೆ ಬರೀ ಮುಲಾಮು ಅಂತ ಡಾಕ್ಟರಿಗೂ ಗೊತ್ತಿರೋದಿಲ್ಲ. ಬೇಡ ಅನಿಸಿದರೆ ಯಾವಾಗ ಬೇಕಾದರೂ ಬಿಡಬಹುದು. ಇದನ್ನೆಲ್ಲ ತುಳುವಿನಲ್ಲಿ, ಬ್ಯಾರಿಯಲ್ಲಿ ಕೂತು ಹೇಳುವವರು ಯಾರು? ಅದಕ್ಕೆ ಯಾರ ಲೆಕ್ಕದಲ್ಲೂ ಜಾಗ ಇಲ್ಲ.

ಕೆಲಸ ಸಿಆರ್‌ಒಗೆ ಕೊಟ್ಟರೂ ಕೊನೆಯ ಹೊಣೆ ಸ್ಪಾನ್ಸರ್‌ನದ್ದೇ ಅಂತ ಜಿಸಿಪಿ, ಅಂದರೆ ಟ್ರಯಲ್ ನಡೆಸುವ ನಿಯಮಗಳ ಟ್ರೇನಿಂಗಿನಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಸರಿ ಉತ್ತರಕ್ಕೇ ಟಿಕ್ ಹಾಕಿದ್ದೆ. ಸ್ಪಾನ್ಸರ್ ಅಂದರೆ ನಾವು, ಅಲ್ವಾ?

ಅಮ್ಮ ಪತ್ರೊಡೆ ಮಾಡಿದ್ದಾಳೆ. ಎರಡು ತಿಂದೆ. ಇನ್ನೆರಡು ಹಾಗೇ ಉಂಟು.

ಹನ್ನೊಂದೂವರೆ. ಮೂರು ಪ್ರಪೋಸಲ್‌ನಲ್ಲೂ "24 ಗಂಟೆಯೂ ಸಿಗುತ್ತೇವೆ" ಎಂದು ಒಂದೊಂದು ನಂಬರ್ ಕೊಟ್ಟಿದ್ದಾರೆ. ಈಗಲೇ ಮಾಡಿ ನೋಡಿದೆ. ಮೊದಲನೆಯವರು ಎತ್ತಿದರು, ಟ್ರಯಲ್‌ನ ಪ್ರೋಟೋಕಾಲ್ ನಂಬರ್ ಕೇಳಿದರು. ಎರಡನೆಯದು ಸ್ವಿಚ್ ಆಫ್. ಕಡಿಮೆ ರೇಟಿನವರದ್ದು ರಿಂಗ್ ಆಗುತ್ತಾ