ಗುಲಾಬಿಗೆ ಹಸಿರು ಬೆರೆಸಿದ ತಪ್ಪು

ಕಳೆದ ಬೇಸಿಗೆಯಲ್ಲಿ ಮೈಸೂರಿನಿಂದ ಮಂಡ್ಯಕ್ಕೆ ಹೊರಟಿದ್ದಾಗ, ಶ್ರೀರಂಗಪಟ್ಟಣ ದಾಟುತ್ತಿದ್ದಂತೆಯೇ ನನ್ನ ಹಳೆಯ ಕಾರಿನ ತಾಪಮಾನದ ಮುಳ್ಳು ನಡುಗೆರೆ ಬಿಟ್ಟು ಮೇಲೇರತೊಡಗಿತು. ಏಸಿ ಆರಿಸಿ, ಎಂಜಿನ್ನಿನ ಬಿಸಿ ಹೊರಹೋಗಲೆಂದು ಹೀಟರ್ ಪೂರ್ತಿ ತಿರುಗಿಸಿ, ಬೆವರು ಒರೆಸಿಕೊಳ್ಳುತ್ತ, ನಡುನಡುವೆ ನಿಲ್ಲಿಸುತ್ತ ಮಂಡ್ಯದ ನೂರಡಿ ರಸ್ತೆ ಬಳಿಯ ಪರಿಚಿತ ಗ್ಯಾರೇಜು ಸೇರಿದೆ.

ಎಂಜಿನ್ ತಣ್ಣಗಾಗುವವರೆಗೂ ಮೆಕ್ಯಾನಿಕ್ ರೇಡಿಯೇಟರಿನ ಮುಚ್ಚಳ ಮುಟ್ಟಲಿಲ್ಲ. ಅವರ ಮೊಣಕೈಯ ಸುಟ್ಟ ಕಲೆಯೇ ಅದಕ್ಕೆ ಕಾರಣ ಹೇಳುತ್ತಿತ್ತು. ತೆರೆದಾಗ ಒಳಗಿದ್ದುದು ರಾಗಿ ಅಂಬಲಿಯಂಥ ಕಂದು ರಾಡಿ. ಅವರು ಮೊದಲು ಆಯಿಲ್ ಕಡ್ಡಿ ಎಳೆದು ನೋಡಿದರು. ಆಯಿಲ್ ಹಾಲು ಬೆರೆತಂತೆ ಕಾಣದಿದ್ದುದರಿಂದ ಎಂಜಿನ್ನಿನೊಳಗೆ ಆಯಿಲ್ಲಿಗೆ ನೀರು ಸೇರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಕೆಟ್ಟಿರಬಹುದೆಂಬ ಅನುಮಾನ ಬಹುಮಟ್ಟಿಗೆ ಹೋಯಿತು.

"ಇದುಕ್ಕೆ ಏನ್ ಹಾಕಿದ್ರಿ ಸಾರ್?"

ಎಂಜಿನ್ ತಂಪಾಗಿಡುವ ಗುಲಾಬಿ ದ್ರವ, ಅಂದರೆ ಕೂಲೆಂಟ್, ಕಡಿಮೆಯಾಗಿದ್ದಾಗ ಅಂಗಡಿಯಿಂದ ತಂದ ಹಸಿರು ಕೂಲೆಂಟನ್ನೂ ಮನೆಯ ಬೋರ್‌ವೆಲ್ ನೀರನ್ನೂ ಸುರಿದಿದ್ದೆನೆಂದು ಒಪ್ಪಿಕೊಂಡೆ.

"ಬಣ್ಣ ನೋಡಿ ಸೀರೆ ತಗೋಬೋದು ಸಾರ್, ಇದುನ್ನಲ್ಲ."

ಹಳೆಯ ಕಾಲದ ಹಸಿರು ಕೂಲೆಂಟ್‌ನಲ್ಲಿ ಸಿಲಿಕೇಟ್, ಫಾಸ್ಫೇಟ್‌ನಂಥ ಲವಣಗಳು ಲೋಹದ ಮೇಲೆ ಪದರ ಕಟ್ಟಿ ತುಕ್ಕು ತಡೆಯುತ್ತವೆ; ಅವು ಬೇಗ ಸವೆಯುವುದರಿಂದ ಸುಮಾರು 2 ವರ್ಷಕ್ಕೆ ಬದಲಿಸಬೇಕು. ಸಾವಯವ ಆಮ್ಲದ ಬಗೆಯದು ತುಕ್ಕು ಶುರುವಾಗುವ ಜಾಗದಲ್ಲಷ್ಟೇ ಕೆಲಸ ಮಾಡುವುದರಿಂದ ಸಾಮಾನ್ಯವಾಗಿ 5 ವರ್ಷ ಬಾಳುತ್ತದೆ. ಎರಡನ್ನೂ ಕೂಡಿಸಿದ ಹೈಬ್ರಿಡ್ ಬಗೆಯೂ ಇದೆ. ಆದರೆ ಬಣ್ಣ ಬರೀ ತೋರಿಕೆಗೆ ಬೆರೆಸಿದ ರಂಗು. ಅದಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ನಿಯಮವಿಲ್ಲ. ಟೊಯೋಟಾದ ಗುಲಾಬಿಯೂ ಹೋಂಡಾದ ನೀಲಿಯೂ ಒಂದೇ ಕುಲದವು, ಸಾವಯವ ಆಮ್ಲಕ್ಕೆ ಫಾಸ್ಫೇಟ್ ಕೂಡಿಸಿದವು. ಸಾವಯವ ಆಮ್ಲದ್ದೇ ಹಸಿರು ಬಣ್ಣದಲ್ಲೂ ಸಿಗುತ್ತದೆ. ಬೇರೆ ಬೇರೆ ಬಗೆ ಬೆರೆತಾಗಲೆಲ್ಲ ರಾಡಿಯಾಗುವುದಿಲ್ಲ, ಆದರೆ ತುಕ್ಕು ತಡೆಯುವ ಶಕ್ತಿಯಂತೂ ಕುಂದುತ್ತದೆ. ನನ್ನ ವಿಷಯದಲ್ಲಿ ಗಡಸು ನೀರಿನ ಕ್ಯಾಲ್ಸಿಯಂ ಫಾಸ್ಫೇಟ್ ಜೊತೆ ಸೇರಿ ಗಸಿಯನ್ನು ಇನ್ನಷ್ಟು ಹೆಚ್ಚಿಸಿತ್ತು.

ನೀರು ತುಂಬಿ, ಎಂಜಿನ್ ಓಡಿಸಿ, ಬಸಿದು, ಮತ್ತೆ ತುಂಬಿ, ಹೀಗೆ ನಾಲ್ಕು ಸಲವಾದ ಮೇಲೆಯೇ ಹೊರಬಂದದ್ದು ತಿಳಿಯಾಯಿತು. ಕೊನೆಯ ತೊಳೆತಕ್ಕೆ ಡಿಸ್ಟಿಲ್ಡ್ ವಾಟರ್ ಬಳಸಿ, ಕಾರಿನ ಕೈಪಿಡಿ ಹೇಳಿದ ಬಗೆಯನ್ನೇ ತರಿಸಿ, ಅದೇ ನೀರಿನೊಂದಿಗೆ ಸಮಪಾಲಾಗಿ ಬೆರೆಸಿ ತುಂಬಿದರು. ಬಸಿದ ತಟ್ಟೆಯತ್ತ ಬೀದಿನಾಯಿಯೊಂದು ಮೂಗು ಚಾಚಿದಾಗ ಅವರು ಗದರಿ ಓಡಿಸಿ, ದ್ರವವನ್ನು ಕ್ಯಾನಿಗೆ ಸುರಿದು ಮುಚ್ಚಿದರು: ಕೂಲೆಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿದ್ದರೂ ವಿಷ. ಆಮೇಲೆ ಬಾನೆಟ್ಟಿನ ಒಳಗೆ ಬಿಳಿ ಟೇಪು ಅಂಟಿಸಿ, ಕೂಲೆಂಟ್‌ನ ಬಗೆಯನ್ನೂ ಅಂದಿನ ತಾರೀಖನ್ನೂ ಪೆನ್ನಿನಿಂದ ಬರೆದರು. ಬಣ್ಣವನ್ನು ಮಾತ್ರ ಬರೆಯಲಿಲ್ಲ.