ಗಸಗಸೆ ಬಿಡಿ, ಓಆರ್‌ಎಸ್ ಇಟ್ಕೊಳ್ಳಿ

ತಿಪಟೂರಿನಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಫಾರಿನ್‌ಗೆ ಹೊರಟವರು ಸೂಟ್‌ಕೇಸ್ ಎಲ್ಲ ತುಂಬಿಸಿ, ಕೊನೆಗೆ ನನ್ನ ಹತ್ತಿರ ಬರುತ್ತಾರೆ. "ಅಕ್ಕಾ, ಹೊಟ್ಟೆ ಕೆಟ್ರೆ ಇರ್ಲಿ, ಏನಾದ್ರೂ ಕೊಡಿ" ಅಂತ. ಮದುವೆಯಾಗಿ ಬಾಲಿ, ವಿಯೆಟ್ನಾಂ ಅಂತ ಹೊರಟ ಹುಡುಗರಿಗೆ ಒಂದು ಸ್ಟ್ರಿಪ್ ಮಾತ್ರೆ ಸಾಕು. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ಅಮ್ಮಂದಿರಿಗೆ ಅರ್ಧ ಅಂಗಡಿ ಬೇಕು. ನನ್ನ ಕೇಳಿದರೆ ಇದು ಉಲ್ಟಾ ಆಗಬೇಕು. ಬೀದಿ ಬದಿ ತಿಂಡಿ, ಐಸ್ ಹಾಕಿದ ಜ್ಯೂಸ್ ಎಲ್ಲ ಹುಡುಗರ ಪಾಲು. ಅಮ್ಮಂದಿರು ಅಲ್ಲೂ ತಾವೇ ಮಾಡಿದ ಸಾರನ್ನ ಉಣ್ಣುತ್ತಾರೆ.

ಯಾವ ದೇಶ, ವಿಮಾನ ಎಲ್ಲಿ ಬದಲಾಯಿಸ್ತೀರಿ ಅಂತ ಮೊದಲು ಕೇಳುತ್ತೇನೆ. ಮಾತ್ರೆಗೂ ಅದಕ್ಕೂ ಏನು ಸಂಬಂಧ ಅಂತ ನಗುತ್ತಾರೆ. ಸಂಬಂಧ ಇದೆ. ಭೇದಿಗೆ ಗಸಗಸೆ ಅರೆದು ಕುಡಿಸುವುದು ನಮ್ಮ ಕಡೆ ಹಳೇ ಮದ್ದು. ಪಾಯಸಕ್ಕೂ ಅದೇ, ಹೊಟ್ಟೆಗೂ ಅದೇ. ಆದರೆ ಗಸಗಸೆ ಅಫೀಮು ಗಿಡದ ಬೀಜ. ಯುಎಇ, ಸಿಂಗಪುರ ಎರಡೂ ಕಡೆ ಅದು ನಿಷೇಧಿತ ಮಾಲು. ಅಮೆರಿಕಕ್ಕೆ ಹೋಗುವವರೇ ಆದರೂ ದುಬೈ ಮೇಲೆ ಹೋಗುವುದಾದರೆ ಬ್ಯಾಗಿನಲ್ಲಿ ಗಸಗಸೆ ಬೇಡವೇ ಬೇಡ. ಮಸಾಲೆ ಪುಡಿಗೆ ಹಾಕಿದ್ದೀರಾ ಅಂತಲೂ ನೆನಪು ಮಾಡಿಕೊಳ್ಳಿ.

ಉಮ್ರಾಗೆ ಹೊರಟವರಿಗೆ ಇನ್ನೊಂದು ಮಾತು. ಸೌದಿಗೆ ಜಾಯಿಕಾಯಿ ಒಯ್ಯುವ ಹಾಗಿಲ್ಲ, ಇಡಿಯಾಗಲಿ, ಪುಡಿಯಾಗಲಿ. ಭೇದಿಗೆ ಕುಡಿಯುವ ಕುಟಜಾರಿಷ್ಟದಂಥ ಆಯುರ್ವೇದದ ಅರಿಷ್ಟಗಳಲ್ಲಿ ಹುಳಿ ಬಂದು ತಾನಾಗಿ ಹುಟ್ಟಿದ ಆಲ್ಕೋಹಾಲ್ ಇರುತ್ತದೆ, ಲೇಬಲ್ ಮೇಲೇ ಬರೆದಿರುತ್ತದೆ. ಅಲ್ಲಿಗೆ ಅದೂ ಬೇಡ. ಓಂಕಾಳು, ಜೀರಿಗೆ, ಒಣಶುಂಠಿ ಬಗ್ಗೆ ನನ್ನ ತಕರಾರಿಲ್ಲ. ಗ್ಯಾಸಿಗೆ ನಾನೇ ಓಂಕಾಳು ಜಗಿಯುತ್ತೇನೆ. ಆದರೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆ ಬೀಜ, ಬೇರು, ಪುಡಿ ಏನೇ ಇದ್ದರೂ ಇಳಿಯುವಾಗ ಕೊಡುವ ಫಾರಂನಲ್ಲಿ 'ಇದೆ' ಅಂತಲೇ ಬರೆಯಬೇಕು. ಬರೆದರೆ ಹೆಚ್ಚೆಂದರೆ ಕಿತ್ತುಕೊಳ್ಳುತ್ತಾರೆ. ಮುಚ್ಚಿಟ್ಟರೆ ದಂಡ.

ನಮ್ಮೂರಿನವರಿಗೆ ಅರಗದ ವಿಷಯ ಒಂದಿದೆ. ಕೊಬ್ಬರಿ ವಿಮಾನದವರ ಲೆಕ್ಕದಲ್ಲಿ ಅಪಾಯದ ಸರಕು. ಎಣ್ಣೆ ಅಂಶ ಜಾಸ್ತಿ, ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅಂತ. ತಿಪಟೂರಿನಲ್ಲಿ ಹುಟ್ಟಿ ಈ ಮಾತು ಹೇಳಬೇಕಾಗಿ ಬಂತು ನೋಡಿ.

ಈಗ ಮುಖ್ಯ ವಿಷಯ. ನನ್ನ ಕೈಲಿ ಒಂದೇ ಒಂದು ಸಾಮಾನು ಕಟ್ಟಿಕೊಡಿ ಅಂದರೆ ಓಆರ್‌ಎಸ್ ಕೊಡುತ್ತೇನೆ. ಜನರಿಗೆ ಇದರ ಮೇಲೆ ಗೌರವ ಕಡಿಮೆ. "ಅದು ಬರೀ ಉಪ್ಪು ಸಕ್ಕರೆ ಅಲ್ವಾ?" ಹೌದು, ಆದರೆ ಅಳತೆ ಗೊತ್ತಿರುವ ಉಪ್ಪು ಸಕ್ಕರೆ. ಭೇದಿ ಆಗುತ್ತಿದ್ದರೂ ಕರುಳು ಗ್ಲೂಕೋಸನ್ನೂ ಸೋಡಿಯಂನ್ನೂ ಜೊತೆಯಲ್ಲಿ ಒಳಗೆ ಎಳೆದುಕೊಳ್ಳುತ್ತದೆ, ಅವುಗಳ ಹಿಂದೆ ನೀರು ಹೋಗುತ್ತದೆ. 1971ರ ಬಾಂಗ್ಲಾ ಯುದ್ಧದ ಹೊತ್ತಿನಲ್ಲಿ ಬಂಗಾಳದ ಗಡಿಯ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತ್ತು. ಡ್ರಿಪ್ ಬಾಟಲಿಗಳು ಸಾಲದೆ ಹೋದಾಗ ಡಾ. ದಿಲೀಪ್ ಮಹಾಲನೋಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿದರು. ಸಾವು ಎಷ್ಟೋ ಪಟ್ಟು ಇಳಿಯಿತು. ಅವರಿಗೆ ಪದ್ಮವಿಭೂಷಣ ಬಂದಿದ್ದು 2023ರಲ್ಲಿ, ತೀರಿಹೋದ ಮೇಲೆ.

ಅಳತೆಯಲ್ಲೇ ಎಲ್ಲರೂ ಎಡವುವುದು. 21 ಗ್ರಾಂ ಚಿಲ್ಲರೆಯ ದೊಡ್ಡ ಪ್ಯಾಕೆಟ್ ಇಡಿಯಾಗಿ 1 ಲೀಟರ್ ನೀರಿಗೆ. ಒಂದು ಲೋಟಕ್ಕೆ ಅಂದಾಜಿನಲ್ಲಿ ಸುರಿದುಕೊಂಡು ಕುಡಿದರೆ ದ್ರಾವಣ ಗಟ್ಟಿಯಾಗಿ, ಇರುವ ನೀರನ್ನೂ ಕರುಳಿಗೆ ಎಳೆದು ಭೇದಿ ಜಾಸ್ತಿಯಾಗುತ್ತದೆ. ಪ್ರಯಾಣಕ್ಕೆ 200 ಎಂಎಲ್ ನೀರಿನ ಚಿಕ್ಕ ಸ್ಯಾಶೆ ಒಳ್ಳೇದು. ಬಾಟಲಿ ನೀರಿನಲ್ಲೋ ಕುದಿಸಿ ಆರಿಸಿದ ನೀರಿನಲ್ಲೋ ಕಲಸಿ. 24 ಗಂಟೆ ದಾಟಿದ್ದು ಚೆಲ್ಲಿಬಿಡಿ. ಶುಗರ್ ಇದ್ದವರು ಕೂಡ ಭೇದಿ ಆಗುವಾಗ ಕುಡಿಯಬೇಕು, ಹೆದರುವುದು ಬೇಡ. ಬಣ್ಣದ ಟೆಟ್ರಾ ಪ್ಯಾಕಿನ ಸಿಹಿ ಪಾನೀಯ ಇದಕ್ಕೆ ಬದಲಿ ಅಲ್ಲ. ಸರಿಯಾದ ಅಳತೆ ಇಲ್ಲದ ಪಾನೀಯಗಳು ಓಆರ್‌ಎಸ್ ಅನ್ನೋ ಹೆಸರು ಹಾಕಿಕೊಳ್ಳಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಆದೇಶ ಮಾಡಿತು. ನಮ್ಮಂಥವರಿಗೆ ಆವತ್ತು ಖುಷಿಯೋ ಖುಷಿ.

ಒಯ್ದಿದ್ದು ಖಾಲಿಯಾದರೆ ಅಲ್ಲೂ ಸಿಗುತ್ತದೆ. ನೇಪಾಳದಲ್ಲಿ 'ಜೀವನ್ ಜಲ್' ಅಂತ ಕೇಳಿ, ಇಂಡೋನೇಷ್ಯಾದಲ್ಲಿ 'ಒರಾಲಿಟ್', ವಿಯೆಟ್ನಾಂನಲ್ಲಿ 'ಒರೆಸಾಲ್'. ಏನೂ ಸಿಗದಿದ್ದರೆ 1 ಲೀಟರ್ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆ ಎಲ್ಲರೂ ಕೇಳುತ್ತಾರೆ. ಅದು ಕರುಳಿನ ಓಟ ನಿಧಾನ ಮಾಡುತ್ತದೆ ಅಷ್ಟೇ, ಒಳಗಿನ ಸೋಂಕಿಗೆ ಏನೂ ಮಾಡುವುದಿಲ್ಲ. ಆರು ಗಂಟೆ ಬಸ್ಸಿನಲ್ಲಿ ಕೂರಬೇಕು ಅಂದಾಗ ದೊಡ್ಡವರಿಗೆ ಉಪಕಾರ. ಜ್ವರ ಇದ್ದರೆ, ರಕ್ತ ಬಿದ್ದರೆ ಮುಟ್ಟಬಾರದು. ಚಿಕ್ಕ ಮಕ್ಕಳಿಗಂತೂ ಬೇಡ. ಡಾಕ್ಟರ ಹತ್ತಿರ ಬರೆಸಿಕೊಂಡು, ಎಷ್ಟು ತಗೋಬೇಕು ಅಂತ ಕೇಳಿಕೊಂಡು ಬನ್ನಿ. ಅದೇ ಚೀಟಿಯಲ್ಲಿ ವಾಂತಿ ಮಾತ್ರೆನೂ ಬರೆಸಿ.

"ಇರ್ಲಿ ಅಂತ ಒಂದು ಆಂಟಿಬಯಾಟಿಕ್ ಕೊಡಿ" ಅನ್ನುವವರಿಗೆ ನಾನು ಕೊಡುವುದಿಲ್ಲ, ಬೈದುಕೊಂಡು ಹೋಗಲಿ. ಥಾಯ್ಲೆಂಡ್ ಕಡೆ ನಮ್ಮ ಜನ ನಂಬುವ ಸಿಪ್ರೋಫ್ಲಾಕ್ಸಸಿನ್, ನಾರ್ಫ್ಲಾಕ್ಸಸಿನ್ ಜಾತಿಯ ಮಾತ್ರೆಗಳಿಗೆ ಅಲ್ಲಿನ ಎಷ್ಟೋ ಬ್ಯಾಕ್ಟೀರಿಯಾ ಬಗ್ಗುವುದೇ ಇಲ್ಲ. ಯಾವುದು ಬೇಕು, ಬೇಕೋ ಬೇಡವೋ, ಡಾಕ್ಟರು ಹೇಳಲಿ.

ವಯಸ್ಸಾದವರ ನಿಜವಾದ ಸಮಸ್ಯೆ ಬೇರೆ. ಅವರು ಕೇಳುವುದು ಭೇದಿ ಮಾತ್ರೆ, ಅಲ್ಲಿಂದ ಮಗಳು ಫೋನ್ ಮಾಡುವುದು ಮಲಬದ್ಧತೆಗೆ. ವಿಮಾನದಲ್ಲಿ ನೀರು ಕುಡಿಯುವುದಿಲ್ಲ, ಎದ್ದು ಹೋಗಬೇಕಲ್ಲ ಅಂತ. ಅಲ್ಲಿ ಇಳಿದ ಮೇಲೆ ಬ್ರೆಡ್ಡು, ಚೀಸು. ಹಗಲು ರಾತ್ರಿ ಅದಲು ಬದಲು. ಅವರಿಗೆ ಇಸಬ್‌ಗೋಲ್ ಕೊಡುತ್ತೇನೆ. ದೊಡ್ಡ ಲೋಟ ನೀರಿನಲ್ಲಿ ಕಲಸಿ ತಕ್ಷಣ ಕುಡಿಯಬೇಕು, ಒಣಪುಡಿ ಬಾಯಿಗೆ ಹಾಕಿಕೊಂಡರೆ ಗಂಟಲಲ್ಲೇ ಉಬ್ಬುತ್ತದೆ. ಬೇರೆ ಮಾತ್ರೆಗಳಿಗೂ ಅದಕ್ಕೂ ಎರಡು ಗಂಟೆ ಅಂತರ ಇರಲಿ. ಪ್ಲಾಸ್ಟಿಕ್ ಕವರಿಗೆ ಸುರಿದು ಒಯ್ಯಬೇಡಿ, ಬಿಳಿ ಪುಡಿ ನೋಡಿ ಕಸ್ಟಮ್ಸಿನವರು ಏನಂದುಕೊಳ್ಳಬೇಕು ಹೇಳಿ! ಅದರ ಡಬ್ಬದಲ್ಲೇ ಇರಲಿ.

ಬಿಪಿ ಇರುವವರು ಈನೋ ಪ್ಯಾಕೆಟ್ಟುಗಳನ್ನು ಕಂತೆಗಟ್ಟಲೆ ಒಯ್ಯುತ್ತಾರೆ. ಅದರಲ್ಲಿ ಸೋಡಿಯಂ ಜಾಸ್ತಿ. ಎದೆ ಉರಿಗೆ ಚೀಪುವ ಆಂಟಾಸಿಡ್ ಮಾತ್ರೆ ಸಾಕು. ಸಿರಪ್ ಬಾಟಲಿ 100 ಎಂಎಲ್ ದಾಟಿದರೆ ಕೈಚೀಲ ತಪಾಸಣೆಯಲ್ಲಿ ವಾದ ಮಾಡುತ್ತಾ ನಿಲ್ಲಬೇಕು.

ಇನ್ನೊಂದು ಕೋರಿಕೆ. ನಾಲ್ಕೇ ಮಾತ್ರೆ ಕತ್ತರಿಸಿ ಕೊಡಿ ಅನ್ನಬೇಡಿ. ಕತ್ತರಿಸಿದ ತುಂಡಿನಲ್ಲಿ ಹೆಸರೂ ಇರಲ್ಲ, ಎಕ್ಸ್‌ಪೈರಿ ತಾರೀಖೂ ಇರಲ್ಲ. ಇಡೀ ಸ್ಟ್ರಿಪ್, ನನ್ನ ಬಿಲ್ಲು, ಡಾಕ್ಟರ ಚೀಟಿ ಮೂರೂ ಒಂದು ಕವರಿನಲ್ಲಿ ಕೈಚೀಲದಲ್ಲಿರಲಿ. ದೊಡ್ಡ ಸೂಟ್‌ಕೇಸ್ ಎರಡು ದಿನ ತಡವಾಗಿ ಬಂದರೂ ಹೊಟ್ಟೆ ಅಲ್ಲೀವರೆಗೆ ಕಾಯಲ್ಲ.

ಉಳಿದಿದ್ದಕ್ಕೆ ಮನೆ ಪದ್ಧತಿ ಸಾಕು. ಗಂಜಿಗೆ ಉಪ್ಪು, ಸಪ್ಪೆ ಮೊಸರು. ಎರಡು ದಿನದಲ್ಲಿ ಹದಕ್ಕೆ ಬರದಿದ್ದರೆ, ಜ್ವರ ಏರಿದರೆ, ರಕ್ತ ಕಂಡರೆ, ಉಚ್ಚೆ ತೀರಾ ಕಡಿಮೆಯಾದರೆ ಮದ್ದಿನ ಚೀಲ ಮುಚ್ಚಿ ಆಸ್ಪತ್ರೆಗೆ ಹೋಗಿ. ಊರಿಗೆ ಬಂದ ಮೇಲೆ ಶುರುವಾದರೂ ಅಷ್ಟೇ. ಯಾವ ದೇಶಕ್ಕೆ ಹೋಗಿದ್ದಿರಿ ಅನ್ನುವುದನ್ನು ಡಾಕ್ಟರಿಗೆ ಮೊದಲು ಹೇಳಿ, ಆಮೇಲೆ ಏನು ತಿಂದಿರಿ ಅಂತ ಹೇಳಿದರಾಯಿತು.